ವಿಶಾಖೆಯ ಮಳೆ, ಕೃತ್ತಿಕೆಯ ರಾತ್ರಿ: ಕಾರ್ತಿಕದ ಆಕಾಶ ಕುರಿತು ದುರ್ಗಿಗುಡಿಯಿಂದ ಒಂದು ಟಿಪ್ಪಣಿ

ಮಲೆನಾಡಿನಲ್ಲಿ ನಕ್ಷತ್ರ ಎಂದರೆ ಮೊದಲು ಮಳೆ. ಆರಿದ್ರೆ ಹಿಡಿಯಿತು, ಪುನರ್ವಸು ಬಿಡಲಿಲ್ಲ, ಮಘೆ ಕೈಕೊಟ್ಟಿತು ಎನ್ನುವ ರೈತ ಅದಕ್ಕಾಗಿ ತಲೆಯೆತ್ತಿ ನೋಡಬೇಕಾಗಿಲ್ಲ. ನೋಡಿದರೂ ಆ ನಕ್ಷತ್ರ ಸಿಗುವುದಿಲ್ಲ. ಮೋಡ ಮುಚ್ಚಿರುತ್ತದೆ ಎನ್ನುವುದು ಒಂದು ಕಾರಣ. ಮೋಡ ಸರಿದರೂ ಸಿಗದು ಎನ್ನುವುದೇ ಮುಖ್ಯ. ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೋ ಅದೇ ಆ ಹದಿಮೂರು-ಹದಿನಾಲ್ಕು ದಿನಗಳ ಮಳೆಯ ಹೆಸರು. ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಕಂತುವ ನಕ್ಷತ್ರ ಕಣ್ಣಿಗೆ ಬೀಳುವುದೆಲ್ಲಿಂದ?

ಹಾಗಾದರೆ ರಾತ್ರಿ ನಮಗೆ ಕಾಣುವುದು ಯಾವುದು? ಮಳೆಯ ಹೆಸರಿನ ನಕ್ಷತ್ರಕ್ಕೆ ಎದುರು ತುದಿಯಲ್ಲಿರುವುದು. ಈ ಎರಡು ತುದಿಗಳನ್ನೂ ಒಟ್ಟಿಗೆ ಓದಬಹುದಾದ ಕಾಲ ಶರತ್ತಿನ ಕೊನೆ, ಅಂದರೆ ಕಾರ್ತಿಕ ಮಾಸ. ಮಳೆ ನಕ್ಷತ್ರಗಳ ಸಾಲು ಇನ್ನೂ ಮುಗಿದಿರುವುದಿಲ್ಲ, ಆಕಾಶ ಮಾತ್ರ ತಿಳಿಯಾಗಿರುತ್ತದೆ. ಹೀಗೆ ಓದಿದಾಗ ನಮ್ಮ ಮಳೆ ಗಾದೆಗಳ ವಯಸ್ಸಿನ ಬಗೆಗೂ ಒಂದು ಮಾತು ಹೇಳಲು ಸಾಧ್ಯವಾಗುತ್ತದೆ. ಈ ಟಿಪ್ಪಣಿ ಬರೆಯಲು ಅದೇ ಕಾರಣ.

ಮೊದಲು ಲೆಕ್ಕದ ಆಧಾರ. ಶಿವಮೊಗ್ಗ ಇರುವುದು ಸುಮಾರು 13 ಡಿಗ್ರಿ 56 ಮಿನಿಟ್ ಉತ್ತರ ಅಕ್ಷಾಂಶ, 75 ಡಿಗ್ರಿ 34 ಮಿನಿಟ್ ಪೂರ್ವ ರೇಖಾಂಶದಲ್ಲಿ. ನಮ್ಮ ಗಡಿಯಾರ ನಡೆಯುವುದು 82 ಡಿಗ್ರಿ 30 ಮಿನಿಟ್ ರೇಖಾಂಶದ ಲೆಕ್ಕದಲ್ಲಿ. ಆದ್ದರಿಂದ ಶಿವಮೊಗ್ಗ ಪೇಟೆಯ ದುರ್ಗಿಗುಡಿಯ ನಿಜವಾದ ನಡುರಾತ್ರಿ ಗಡಿಯಾರದ ಹನ್ನೆರಡಕ್ಕಲ್ಲ, ವರ್ಷದ ಸರಾಸರಿಯಲ್ಲಿ ಹನ್ನೆರಡು ಗಂಟೆ 28 ನಿಮಿಷದ ಸುಮಾರಿಗೆ. ಭದ್ರಾವತಿಗೂ ಇದೇ ಲೆಕ್ಕ ಸಾಕು. ವ್ಯತ್ಯಾಸ ಅರ್ಧ ನಿಮಿಷದ್ದು. ಕೆಳಗೆ ಕೊಟ್ಟ ಹೊತ್ತುಗಳನ್ನು ಐದು-ಹತ್ತು ನಿಮಿಷದ ಅಂದಾಜಿನಲ್ಲಿ ತೆಗೆದುಕೊಳ್ಳಬೇಕು. ದಿಗಂತದಲ್ಲಿ ಗುಡ್ಡವೋ ನಾಲ್ಕಂತಸ್ತಿನ ಕಟ್ಟಡವೋ ಅಡ್ಡ ಬಂದರೆ ಇನ್ನೂ ತಡ.

ಈಗಿನ ಪಂಚಾಂಗಗಳ ಪ್ರಕಾರ ಸೂರ್ಯ ಸ್ವಾತಿಗೆ ಬರುವುದು ಅಕ್ಟೋಬರ್ 24ರ ಆಸುಪಾಸು, ವಿಶಾಖೆಗೆ ನವೆಂಬರ್ 6, ಅನುರಾಧಕ್ಕೆ ನವೆಂಬರ್ 19. ವರ್ಷದಿಂದ ವರ್ಷಕ್ಕೆ ಒಂದು ದಿನ ಹಿಂದುಮುಂದಾಗಬಹುದು. ಗೋಡೆಗೆ ತೂಗುಹಾಕುವ ಕ್ಯಾಲೆಂಡರ್‌ನಲ್ಲೂ ಈ ದಿನಗಳ ಚೌಕದಲ್ಲಿ ಸಣ್ಣ ಅಕ್ಷರದಲ್ಲಿ ಮಳೆಯ ಹೆಸರು ಇರುತ್ತದೆ. ಇದೇ ಅವಧಿಯಲ್ಲಿ ಚಾಂದ್ರಮಾನದ ಕಾರ್ತಿಕ ಮಾಸವೂ ನಡೆಯುತ್ತಿರುತ್ತದೆ.

ನವೆಂಬರ್ 18ರ ಸಂಜೆಯನ್ನೇ ತೆಗೆದುಕೊಳ್ಳೋಣ. ವಿಶಾಖೆಯ ಮಳೆಯ ಕೊನೆಯ ದಿನಗಳವು. ಶಿವಮೊಗ್ಗದಲ್ಲಿ ಸೂರ್ಯ ಮುಳುಗುವುದು ಆರಕ್ಕೆ ಎರಡು-ಮೂರು ನಿಮಿಷ ಇರುವಾಗ. ಕೃತ್ತಿಕೆ ಹುಟ್ಟುವುದು ಆರು ದಾಟಿದ ಕೂಡಲೇ. ಪಡುವಣದಲ್ಲಿ ಸೂರ್ಯ ವಿಶಾಖೆಯನ್ನು ಹೊತ್ತು ಇಳಿದರೆ ಮೂಡಣದಲ್ಲಿ ಕೃತ್ತಿಕೆ ಏಳುತ್ತದೆ. ಆ ಹೊತ್ತಿಗೆ ಬೆಳಕಿರುವುದರಿಂದ ಕಾಣುವುದಿಲ್ಲ. ಏಳು ಗಂಟೆಯ ಹೊತ್ತಿಗೆ ದಿಗಂತದಿಂದ ಒಂದು ಮುಷ್ಟಿಗಿಂತ ತುಸು ಮೇಲಿರುತ್ತದೆ (ಕೈ ಚಾಚಿ ಹಿಡಿದ ಮುಷ್ಟಿ ಸುಮಾರು ಹತ್ತು ಡಿಗ್ರಿ). ಅಲ್ಲಿಂದ ರಾತ್ರಿಯಿಡೀ ಆಕಾಶದಲ್ಲಿದ್ದು, ನಡುರಾತ್ರಿ ಹನ್ನೆರಡೂವರೆಯ ಸುಮಾರಿಗೆ ನೆತ್ತಿಯಿಂದ ಹತ್ತು ಡಿಗ್ರಿ ಉತ್ತರಕ್ಕೆ ನಿಂತು, ಬೆಳಗಾಗುವಾಗ ಪಶ್ಚಿಮಕ್ಕೆ ಇಳಿಯುತ್ತದೆ. ವರ್ಷದಲ್ಲಿ ಕೃತ್ತಿಕೆ ರಾತ್ರಿಯಿಡೀ ಸಿಗುವುದು ಈ ದಿನಗಳಲ್ಲಿ ಮಾತ್ರ.

ಈಗ ಆರು ತಿಂಗಳು ಹಿಂದೆ ಹೋಗಿ ಮೇ ತಿಂಗಳನ್ನು ನೋಡಿ. ಮೇ 11ರ ಸುಮಾರಿಗೆ ಸೂರ್ಯ ಕೃತ್ತಿಕೆಗೆ ಬರುತ್ತಾನೆ; ಕೃತ್ತಿಕೆಯ ಮಳೆ ಶುರು, ಕೃತ್ತಿಕೆ ಕಣ್ಮರೆ. ಆಗ ಸಂಜೆ ಮೂಡಣದಲ್ಲಿ ಏಳುವುದು ವಿಶಾಖೆ. ಆ ಹುಣ್ಣಿಮೆಯ ಚಂದ್ರ ವಿಶಾಖೆಯ ಬಳಿ ನಿಲ್ಲುವುದರಿಂದಲೇ ತಿಂಗಳಿಗೆ ವೈಶಾಖ ಎಂಬ ಹೆಸರು. ನವೆಂಬರ್‌ನಲ್ಲಿ ಎಲ್ಲವೂ ತಿರುಗುಮುರುಗು: ಮಳೆ ವಿಶಾಖೆಯದು, ಹುಣ್ಣಿಮೆ ಕೃತ್ತಿಕೆಯದು, ತಿಂಗಳು ಕಾರ್ತಿಕ. ಮಾಸಕ್ಕೆ ಹೆಸರು ಕೊಟ್ಟವರು ರಾತ್ರಿಯನ್ನು ನೋಡಿದ್ದಾರೆ, ಮಳೆಗೆ ಹೆಸರು ಕೊಟ್ಟವರು ಹಗಲನ್ನು ಲೆಕ್ಕ ಹಾಕಿದ್ದಾರೆ. ಪಂಚಾಂಗದ ಒಂದೇ ಪುಟದಲ್ಲಿ ಇವೆರಡೂ ಅಕ್ಕಪಕ್ಕ ಕುಳಿತಿದ್ದರೂ ನಾವು ಎದುರುಬದುರು ಎಂದು ಓದುವುದಿಲ್ಲ. ಶಾಲೆಯ ಪಾಠದಲ್ಲೂ ನಾನು ಇದನ್ನು ಕಂಡಿಲ್ಲ; ಒಂದು ಚೆಂಡು, ಒಂದು ದೀಪ ಇದ್ದರೆ ಅರ್ಧ ಗಂಟೆಯಲ್ಲಿ ಹೇಳಿಕೊಡಬಹುದಾದ ವಿಷಯ.

ಹುಣ್ಣಿಮೆಯ ಚಂದ್ರ ಪ್ರತಿ ಕಾರ್ತಿಕದಲ್ಲೂ ಕೃತ್ತಿಕೆಯ ಮೇಲೆಯೇ ಇರುತ್ತಾನೆ ಎಂದುಕೊಳ್ಳಬಾರದು. ಅಧಿಕ ಮಾಸದ ಹೊಂದಾಣಿಕೆಯಿಂದಾಗಿ ಹುಣ್ಣಿಮೆ ನವೆಂಬರ್ ಆದಿಯಿಂದ ಅಂತ್ಯದವರೆಗೆ ಎಲ್ಲಿ ಬೇಕಾದರೂ ಬೀಳಬಹುದು. 2022ರಲ್ಲಿ ನವೆಂಬರ್ 8ಕ್ಕೆ ಬಿದ್ದಾಗ ಚಂದ್ರ ಭರಣಿಯಲ್ಲಿದ್ದ. 2023ರಲ್ಲಿ ನವೆಂಬರ್ 27ಕ್ಕೆ ಬಿದ್ದಾಗ ಕೃತ್ತಿಕೆ ದಾಟಿ ರೋಹಿಣಿಗೆ ಸರಿದ. ಜೊತೆಗೆ ಚಂದ್ರನ ದಾರಿ ಸೂರ್ಯನ ದಾರಿಗೆ ಐದು ಡಿಗ್ರಿ ಓರೆ. ಕೃತ್ತಿಕೆ ಸೂರ್ಯನ ದಾರಿಯಿಂದ ನಾಲ್ಕು ಡಿಗ್ರಿ ಉತ್ತರಕ್ಕಿದೆ. ಆದ್ದರಿಂದ ಚಂದ್ರ ಈ ಗುಂಪಿನ ಮೇಲೇ ಹಾದು ಒಂದೊಂದೇ ಚುಕ್ಕಿಯನ್ನು ಮರೆಮಾಡುವುದು ಹದಿನೆಂಟೂವರೆ ವರ್ಷದ ಚಕ್ರದಲ್ಲಿ ಕೆಲವು ವರ್ಷ ಮಾತ್ರ.

ಇನ್ನು ಗಾದೆಗಳ ವಯಸ್ಸಿನ ಪ್ರಶ್ನೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತೇವೆ. ಇಂಥ ಮಾತು ಒಂದೊಂದು ಮಳೆಗೂ ಒಂದೊಂದಿದೆ. ಇವನ್ನು ಅನಾದಿ ಕಾಲದ ಅನುಭವ ಎಂದು ಬರೆಯುವ ರೂಢಿ ನಮ್ಮ ಜಾನಪದ ಲೇಖನಗಳಲ್ಲಿದೆ. ಆಕಾಶ ಈ ಮಾತನ್ನು ಒಪ್ಪುವುದಿಲ್ಲ. ಭೂಮಿಯ ಅಕ್ಷ ಸುಮಾರು 25,800 ವರ್ಷಕ್ಕೊಂದು ಸುತ್ತು ತೂಗುವುದರಿಂದ ಋತುಗಳಿಗೂ ನಕ್ಷತ್ರಗಳಿಗೂ ಇರುವ ಸಂಬಂಧ ಸರಿಯುತ್ತ ಹೋಗುತ್ತದೆ: 72 ವರ್ಷಕ್ಕೆ ಹತ್ತಿರಹತ್ತಿರ ಒಂದು ದಿನ. ಒಂದು ಆಯುಷ್ಯದಲ್ಲಿ ಇದು ಗೊತ್ತಾಗುವಂಥದ್ದಲ್ಲ. ಆದರೆ 25,800ನ್ನು 27 ನಕ್ಷತ್ರಗಳಿಗೆ ಹಂಚಿದರೆ 955 ವರ್ಷಕ್ಕೆ ಒಂದು ಇಡೀ ನಕ್ಷತ್ರ ಸರಿದಿರುತ್ತದೆ.

ಇದಕ್ಕೆ ಸಾಕ್ಷಿ ಬೇಕಾದರೆ ದೂರ ಹೋಗಬೇಕಿಲ್ಲ, ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಶಾಸನಗಳ ಬಳಿಗೆ ಹೋದರೆ ಸಾಕು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಮತ್ತು ಎಂಟನೆಯ ಸಂಪುಟಗಳು (1902, 1904) ಶಿವಮೊಗ್ಗ ಜಿಲ್ಲೆಯವು. ಕಲ್ಯಾಣ ಚಾಲುಕ್ಯರ ಕಾಲದ ದಾನ ಶಾಸನಗಳಲ್ಲಿ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳ ಜೊತೆಗೆ ಉತ್ತರಾಯಣ ಸಂಕ್ರಮಣ, ವ್ಯತೀಪಾತ, ಸೂರ್ಯಗ್ರಹಣ, ಸೋಮಗ್ರಹಣಗಳ ಉಲ್ಲೇಖ ಮತ್ತೆ ಮತ್ತೆ ಬರುತ್ತದೆ. ರಾಬರ್ಟ್ ಸೆವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು 1896ರಲ್ಲಿ ಪ್ರಕಟಿಸಿದ ಕೋಷ್ಟಕಗಳಿಂದ ಲೆಕ್ಕ ಹಾಕಿದರೆ ಹನ್ನೊಂದನೆಯ ಶತಮಾನದ ಉತ್ತರಾಯಣ ಸಂಕ್ರಮಣ ಬೀಳುವುದು ಅಂದಿನ ಜೂಲಿಯನ್ ಕ್ಯಾಲೆಂಡರಿನ ಡಿಸೆಂಬರ್ 24-25ಕ್ಕೆ. ಈಗಿನ ಕ್ಯಾಲೆಂಡರಿಗೆ ಆರು ದಿನ ಸೇರಿಸಿದರೆ ಡಿಸೆಂಬರ್ 30-31. ನಾವು ಎಳ್ಳುಬೆಲ್ಲ ಹಂಚುವುದು ಜನವರಿ 14-15ಕ್ಕೆ. ಎರಡು ವಾರದ ಅಂತರ ಕಣ್ಣೆದುರಿಗೇ ಇದೆ. (ಆಗಿನ ಸಿದ್ಧಾಂತಗಳ ವರ್ಷ ಈಗಿನ ಅಳತೆಗಿಂತ ಮೂರೂವರೆ ನಿಮಿಷ ಉದ್ದ. ಆದ್ದರಿಂದ ಸರಿತವನ್ನು ಹದಿನಾಲ್ಕರಿಂದ ಹದಿನಾರು ದಿನ ಎಂದು ಹಿಡಿಯುವುದು ಕ್ಷೇಮ.)

ಸಂಕ್ರಮಣ ಸರಿದಷ್ಟೇ ಮಳೆ ನಕ್ಷತ್ರಗಳೂ ಸರಿದಿವೆ. ಜೂನ್ 22ರ ಸುಮಾರಿಗೆ ಇಂದು ಆರಿದ್ರೆ ಹಿಡಿಯುತ್ತದೆ. ಮಲೆನಾಡಿನಲ್ಲಿ ಮುಂಗಾರು ಬಲಗೊಳ್ಳುವ ಹೊತ್ತು ಅದು. ಬಳ್ಳಿಗಾವಿಯ ಏಳಿಗೆಯ ಕಾಲದಲ್ಲಿ ಅದೇ ಋತುದಿನದಂದು ಸೂರ್ಯ ಪುನರ್ವಸುವಿಗೆ ಬಂದಾಗಿತ್ತು. ನಾವು ಆರಿದ್ರೆ ಎನ್ನುವ ಮಳೆಯನ್ನು ಅಂದಿನ ಬೇಸಾಯಗಾರ ಪುನರ್ವಸು ಎನ್ನಬೇಕಾಗಿತ್ತು. ಆದ್ದರಿಂದ ಇಂತಿಂಥ ಮಳೆಗೆ ಇಂತಿಂಥ ಕೆಲಸ ಎಂದು ಕಟ್ಟಿದ ಗಾದೆ ಇಂದಿಗೂ ಕರಾರುವಾಕ್ಕಾಗಿ ಹೊಂದುತ್ತದೆ ಎಂದಾದರೆ ಅದು ಕಳೆದ ಕೆಲವು ನೂರು ವರ್ಷಗಳಲ್ಲಿ ರೂಪುಗೊಂಡದ್ದು, ಇಲ್ಲವೇ ಕಾಲಕಾಲಕ್ಕೆ ಜನ ಹೆಸರು ಬದಲಿಸಿಕೊಂಡು ತಿದ್ದಿದ್ದು. ಎರಡನೆಯದೇ ಹೆಚ್ಚು ಸಂಭವ ಎಂದು ನನ್ನ ಅಭಿಪ್ರಾಯ. ಬಾಯಿಮಾತಿನ ತಿಳಿವಳಿಕೆ ಉಳಿಯುವುದೇ ಹಾಗೆ. ಹೇಗಿದ್ದರೂ ಅನಾದಿ ಎಂಬ ವಿಶೇಷಣವನ್ನು ಕೈಬಿಡಬೇಕು.

ಕಾರ್ತಿಕವೂ ಹೀಗೆಯೇ ಸರಿದಿದೆ. ಅಂದಿನ ಕಾರ್ತಿಕ ಇಂದಿಗಿಂತ ಎರಡು ವಾರ ಮುಂಚೆ, ಹಿಂಗಾರಿನ ಮೋಡ ಇನ್ನೂ ಓಡಾಡುವ ದಿನಗಳಲ್ಲಿ ಬರುತ್ತಿತ್ತು. ಈಗ ಉತ್ಥಾನ ದ್ವಾದಶಿಗೆ ಅಂಗಳದ ತುಳಸಿಗೆ ನೆಲ್ಲಿಯ ಕೊಂಬೆ ನೆಟ್ಟು ದೀಪ ಹಚ್ಚುವ ಹೊತ್ತಿಗೆ ಸಾಮಾನ್ಯವಾಗಿ ಆಕಾಶ ಬಿಚ್ಚಿಕೊಂಡಿರುತ್ತದೆ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಮಾತ್ರ ಮೂರು-ನಾಲ್ಕು ದಿನ ಕೆಡುತ್ತದೆ. ಅಂಗಳದಲ್ಲಿ ಅಡಿಕೆ ಹರವಿದವರಿಗೆ ಆ ಮೂರು-ನಾಲ್ಕು ದಿನ ಏನೆಂದು ಬೇರೆ ಹೇಳಬೇಕಿಲ್ಲ.

ಕೃತ್ತಿಕೆಯ ಸರಿತದ ಇನ್ನೊಂದು ಗುರುತು ಅದು ಹುಟ್ಟುವ ದಿಕ್ಕು. ಕೃತ್ತಿಕೆಗಳು ಪೂರ್ವ ದಿಕ್ಕನ್ನು ಬಿಟ್ಟು ಕದಲುವುದಿಲ್ಲ ಎಂಬರ್ಥದ ಮಾತು ಶತಪಥ ಬ್ರಾಹ್ಮಣದಲ್ಲಿದೆ. ದೀಕ್ಷಿತರು ಇದನ್ನು ಅಕ್ಷರಶಃ ತೆಗೆದುಕೊಂಡು, ಕೃತ್ತಿಕೆ ನೇರ ಪೂರ್ವಕ್ಕೆ ಹುಟ್ಟುತ್ತಿದ್ದ ಕಾಲ ಕ್ರಿಸ್ತಪೂರ್ವ 3000ದ ಸುಮಾರು ಎಂದು ಲೆಕ್ಕ ಹಾಕಿದರು. ವಾಕ್ಯ ಅಷ್ಟು ಹಳೆಯ ವೀಕ್ಷಣೆಯೇ, ಅಥವಾ ಪರಂಪರೆಯಿಂದ ಬಂದ ನೆನಪೇ ಎಂಬ ವಿವಾದ ಇಂದಿಗೂ ಉಂಟು. ವಿವಾದ ಏನೇ ಇರಲಿ, ಇಂದಿನ ಸ್ಥಿತಿಯನ್ನು ಯಾರು ಬೇಕಾದರೂ ಅಳೆಯಬಹುದು. ಶಿವಮೊಗ್ಗದಲ್ಲಿ ಈಗ ಕೃತ್ತಿಕೆ ಹುಟ್ಟುವುದು ನೇರ ಪೂರ್ವದಿಂದ 25 ಡಿಗ್ರಿ ಉತ್ತರಕ್ಕೆ. ಅದರ ಹಿಂದೆಯೇ ಬರುವ ರೋಹಿಣಿ 17 ಡಿಗ್ರಿ ಉತ್ತರಕ್ಕೆ. ಇಂದು ಪೂರ್ವ ದಿಕ್ಕನ್ನು ಬಿಡದವರು ಯಾರೆಂದರೆ ಮಹಾವ್ಯಾಧ ನಕ್ಷತ್ರಪುಂಜದ ನಡುಪಟ್ಟಿಯ ಮೂರು ಚುಕ್ಕಿಗಳು, ಮೃಗಶಿರ ಮತ್ತು ಆರಿದ್ರೆಗಳ ನೆರೆಯವು. ನವೆಂಬರ್ 20ರ ರಾತ್ರಿ ಎಂಟರ ಸುಮಾರಿಗೆ ಅವು ಮೂರೂ ಸೆಟೆದು ನಿಂತಂತೆ ಒಂದರ ಮೇಲೊಂದು ಏಳುತ್ತವೆ. ಮೊದಲು ಬರುವ ಚುಕ್ಕಿ ಹುಟ್ಟಿದ ಜಾಗವೇ ನಿಮ್ಮ ಮನೆಯ ನೇರ ಪೂರ್ವ. ವಾಸ್ತು ನೋಡುವವರು ಮೊಬೈಲ್ ದಿಕ್ಸೂಚಿ ನಂಬುವುದಕ್ಕಿಂತ ಇದನ್ನು ನಂಬಬಹುದು. ಕಬ್ಬಿಣದ ಗೇಟು ಇದನ್ನು ಕೆಡಿಸುವುದಿಲ್ಲ.

ತೈತ್ತಿರೀಯ ಸಂಹಿತೆ ಕೃತ್ತಿಕೆಗಳಿಗೆ ಏಳು ಹೆಸರು ಕೊಡುತ್ತದೆ. ಅವುಗಳಲ್ಲಿ ಮೂರು ಅಭ್ರಯಂತಿ, ಮೇಘಯಂತಿ, ವರ್ಷಯಂತಿ. ಮೋಡ ಮತ್ತು ಮಳೆ ತರುವವರು. ಇದನ್ನು ಹಿಡಿದು ನಮ್ಮ ಕೃತ್ತಿಕೆಯ ಮಳೆಯವರೆಗೆ ಗೆರೆ ಎಳೆಯುವ ಆಸೆಯಾಗುತ್ತದೆ. ಎಳೆಯಬಾರದು. ಆ ಹೆಸರುಗಳ ಕಾಲಕ್ಕೂ ನಮಗೂ ನಡುವೆ ಮೇಲಿನ ಲೆಕ್ಕದಂತೆ ಎರಡು ಮೂರು ನಕ್ಷತ್ರಗಳಷ್ಟು ಸರಿತವಾಗಿದೆ. ಊರೂ ಬೇರೆ, ಮಳೆಗಾಲವೂ ಬೇರೆ.

ಮಲೆನಾಡಿನವರು ಶರತ್ತಿನ ರಾತ್ರಿಗಳಲ್ಲಿ ಎಚ್ಚರವಿರಲು ಕಾರಣಗಳು ಬೇರೆಯೇ ಇದ್ದವು. ಭತ್ತ ಹಾಲುಗಟ್ಟಿದಾಗಿನಿಂದ ಕೊಯ್ಲಿನವರೆಗೆ ಹಂದಿಗೆ ಹೆದರಿ ಗದ್ದೆ ಕಾಯಬೇಕು. ಅಡಿಕೆ ಕೊಯ್ಲು ಶುರುವಾದರೆ ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸರು ಸರಿರಾತ್ರಿಯವರೆಗೆ ಸುಲಿಯುತ್ತಾರೆ. ಇವರಿಗೆ ಹೊತ್ತು ಹೇಳಲು ನೆತ್ತಿಯ ಚುಕ್ಕಿಗಳು ಸಾಕಾಗಿತ್ತು. ಬೆಳ್ಳಿ ಮೂಡುವ ಹೊತ್ತು ಎಂಬ ಮಾತು ಉಳಿದಿರುವುದೂ ಹೀಗೆ ಎದ್ದಿದ್ದವರಿಂದ.

ಇವೆಲ್ಲಕ್ಕಿಂತ ಹೆಚ್ಚಾಗಿ ಭೂಮಿ ಹುಣ್ಣಿಮೆ ಇದೆ. ಆಶ್ವಯುಜದ ಸೀಗೆ ಹುಣ್ಣಿಮೆಯನ್ನು ಮಲೆನಾಡಿನಲ್ಲಿ ಹೊಡೆ ಹೊತ್ತ ಗದ್ದೆಯ ಬಯಕೆಯ ಹಬ್ಬವಾಗಿ ಮಾಡುತ್ತಾರೆ. ಹಿಂದಿನ ರಾತ್ರಿಯೆಲ್ಲ ಅಡುಗೆ. ನಸುಕಿನಲ್ಲಿ, ಬೆಳಕು ಹರಿಯುವ ಮೊದಲೇ, ಚಿತ್ತಾರ ಬರೆದ ಬುಟ್ಟಿಯಲ್ಲಿ ಎಡೆ ಹೊತ್ತು ಗದ್ದೆಗೆ ಹೋಗುತ್ತಾರೆ. ಅಕ್ಟೋಬರ್ ನಡುಭಾಗದಲ್ಲಿ ಹಬ್ಬ ಬಿದ್ದರೆ ನಸುಕಿನ ನಾಲ್ಕೂವರೆಗೆ ಗದ್ದೆಯ ಬದುವಿನ ಮೇಲೆ ನಿಂತವರಿಗೆ ಕಾಣುವ ಆಕಾಶ ಇದು: ಪಶ್ಚಿಮದಲ್ಲಿ ಇಳಿಯುತ್ತಿರುವ ತುಂಬು ಚಂದ್ರ, ಅಶ್ವಿನಿಯ ಆಸುಪಾಸಿನಲ್ಲಿ, ನೆತ್ತಿಯಿಂದ ತುಸು ದಕ್ಷಿಣಕ್ಕೆ ಮಹಾವ್ಯಾಧನ ಪಟ್ಟಿ, ಅದಕ್ಕೂ ಚಂದ್ರನಿಗೂ ನಡುವೆ ರೋಹಿಣಿ, ಕೃತ್ತಿಕೆ. ಅಂದರೆ ಕಾರ್ತಿಕದಲ್ಲಿ ನಡುರಾತ್ರಿ ಕಳೆದ ಮೇಲೆ ಕಾಣುವ ಆಕಾಶವನ್ನು ಈ ಹಬ್ಬದವರು ಒಂದು ತಿಂಗಳು ಮೊದಲೇ ನಸುಕಿನಲ್ಲಿ ನೋಡಿರುತ್ತಾರೆ. 2023ರ ಭೂಮಿ ಹುಣ್ಣಿಮೆಯ ರಾತ್ರಿ, ಅಕ್ಟೋಬರ್ 28 ಕಳೆದು 29ರ ನಸುಕಿನ 1 ಗಂಟೆ 5 ನಿಮಿಷದಿಂದ 2 ಗಂಟೆ 22 ನಿಮಿಷದವರೆಗೆ ಪಾರ್ಶ್ವ ಚಂದ್ರಗ್ರಹಣವೂ ಇತ್ತು. ಪಕ್ಕದಲ್ಲೇ ಗುರು ಹೊಳೆಯುತ್ತಿದ್ದ.

ಗ್ರಹಣದ ಮಾತು ಬಂದದ್ದರಿಂದ ಶಾಸನಗಳಿಗೆ ಇನ್ನೊಮ್ಮೆ. ಕರ್ನಾಟಕದ ಶಾಸನಗಳಲ್ಲಿ ದಾಖಲಾದ ಗ್ರಹಣ, ಗ್ರಹಯುತಿಗಳನ್ನು ಬಿ.ಎಸ್. ಶೈಲಜಾ ಮತ್ತು ಗೀತಾ ಕೈದಾಳ ಅವರು ಒಟ್ಟುಮಾಡಿ ಲೆಕ್ಕದೊಡನೆ ತಾಳೆ ನೋಡಿದ್ದಾರೆ. ಅವರ ಪುಸ್ತಕ 2016ರಲ್ಲಿ ಬಂದಿದೆ. ಇಂಥ ತಾಳೆಯಲ್ಲಿ ಒಂದು ಎಚ್ಚರ ಬೇಕು. ಗ್ರಹಣ ಆಯಿತು ಎನ್ನುವುದು ಬೇರೆ, ಇಲ್ಲಿ ಕಂಡಿತು ಎನ್ನುವುದು ಬೇರೆ. 2021ರ ನವೆಂಬರ್ 19ರ ಕಾರ್ತಿಕ ಹುಣ್ಣಿಮೆಯಂದು ಕೃತ್ತಿಕೆಯ ಪಕ್ಕದಲ್ಲೇ ಚಂದ್ರನ ಶೇಕಡಾ 97 ಭಾಗ ನೆರಳಿಗೆ ಹೋಗಿತ್ತು, ಸುಮಾರು ಮೂರೂವರೆ ಗಂಟೆ ನಡೆದ ಗ್ರಹಣ. ಆದರೆ ನಮ್ಮ ಗಡಿಯಾರದಲ್ಲಿ ಅದು ಸಂಜೆ 4 ಗಂಟೆ 17 ನಿಮಿಷಕ್ಕೇ ಮುಗಿದಿದ್ದರಿಂದ ಶಿವಮೊಗ್ಗಕ್ಕೆ ಏನೂ ಕಾಣಲಿಲ್ಲ. ಮರುವರ್ಷ ನವೆಂಬರ್ 8ರಂದು ಚಂದ್ರ ಹುಟ್ಟುವಾಗಲೇ ಅಂಚಿಗೆ ನೆರಳು ಕಚ್ಚಿತ್ತು. 6 ಗಂಟೆ 19 ನಿಮಿಷಕ್ಕೆ ಬಿಟ್ಟಿತು. ಮೂಡಣ ತೆರೆದಿದ್ದವರಿಗೆ ಸಿಕ್ಕಿದ್ದು ಇಪ್ಪತ್ತು ನಿಮಿಷ. ಎರಡೂ ಕಾರ್ತಿಕ ಹುಣ್ಣಿಮೆಗಳೇ, ಎರಡರಲ್ಲೂ ದಾನಕ್ಕೆ ಪುಣ್ಯಕಾಲ ಬರೆಯಬಹುದಿತ್ತು. ಸಾವಿರ ವರ್ಷದ ಮೇಲೆ ಓದುವವನು ಇವೆರಡರ ಭೇದವನ್ನು ಕಲ್ಲಿನಿಂದ ತಿಳಿಯಲಾರ, ಲೆಕ್ಕದಿಂದ ಮಾತ್ರ ತಿಳಿಯಬೇಕು.

ಇಷ್ಟೆಲ್ಲ ದುರ್ಗಿಗುಡಿಯಿಂದ ಕಾಣುತ್ತದೆಯೇ? ಅಂಗಡಿ ಸಾಲಿನ ಫಲಕಗಳೆಲ್ಲ ಬೆಳಗುವ ಏಳೂವರೆ-ಎಂಟರ ಹೊತ್ತಿಗೆ ಮುಖ್ಯರಸ್ತೆಯಲ್ಲಿ ನಿಂತರೆ ಗುರು, ಶುಕ್ರರನ್ನು ಬಿಟ್ಟರೆ ಹೆಚ್ಚೇನೂ ಇಲ್ಲ. ಪಕ್ಕದ ಓಣಿಯ ಮನೆಯ ತಾರಸಿ ಹತ್ತಿ, ನೀರಿನ ಟ್ಯಾಂಕಿನ ಮರೆಗೆ ನಿಂತು, ಹತ್ತು ಹದಿನೈದು ನಿಮಿಷ ಮೊಬೈಲ್ ಮುಟ್ಟದೆ ಕಾದರೆ ಆಕಾಶ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುತ್ತದೆ. ಹತ್ತು ಗಂಟೆಗೆ ಅಂಗಡಿಗಳು ಬಾಗಿಲು ಹಾಕಿದ ಮೇಲೆ ಇನ್ನೂ ವಾಸಿ. ಹಿಂದೆ ಕರೆಂಟ್ ಹೋದಾಗ ಬೈದುಕೊಂಡು ಹೊರಗೆ ಬಂದವರಿಗೆ ಹಾಲುಹಾದಿ ಪುಕ್ಕಟೆ ಸಿಗುತ್ತಿತ್ತು. ಯುಪಿಎಸ್ ಬಂದ ಮೇಲೆ ಆ ಅವಕಾಶವೂ ತಪ್ಪಿದೆ.

ಎಷ್ಟು ಕಾಣುತ್ತದೆ ಎನ್ನುವುದನ್ನು ಅಳೆಯಲು ಉಪಕರಣ ಬೇಕಿಲ್ಲ, ಕೃತ್ತಿಕೆಯೇ ಅಳತೆಗೋಲು. ನಕ್ಷತ್ರಗಳ ಕಾಂತಿಮಾನದಲ್ಲಿ ಅಂಕಿ ಹೆಚ್ಚಿದಷ್ಟೂ ಮಂಕು. ಈ ಗುಂಪಿನ ಅತಿ ಪ್ರಕಾಶದ ಚುಕ್ಕಿ 2.9, ಮುಂದಿನ ಮೂರು 3.6ರಿಂದ 3.9ರ ಒಳಗೆ; ಐದು ಮತ್ತು ಆರನೆಯವು 4.2, 4.3. ಅಲ್ಲಿಂದ ಒಮ್ಮೆಲೇ 5ಕ್ಕೆ ಜಿಗಿತ. ಆರು ಕೃತ್ತಿಕೆಯರು, ಅವರು ಸಾಕಿದ ಷಣ್ಮುಖ ಎಂಬ ಕಥೆಗೂ ಈ ಜಿಗಿತಕ್ಕೂ ಒಪ್ಪಂದವಿದೆ: ಸಾಧಾರಣ ಕಣ್ಣಿಗೆ ಸಾಧಾರಣ ಕತ್ತಲಲ್ಲಿ ಸಿಗುವುದು ಆರು, ಏಳನೆಯದಕ್ಕೆ ಒಳ್ಳೆಯ ಕಣ್ಣೂ ಒಳ್ಳೆಯ ಕತ್ತಲೂ ಬೇಕು. ಪೇಟೆಯ ನಡುವಿನಿಂದ ಗುಂಪು ಬರೀ ಮಬ್ಬು ಮಚ್ಚೆಯಾಗಿ ಕಂಡರೆ, ಅಥವಾ ಮೂರು ನಾಲ್ಕು ಮಾತ್ರ ಬಿಡಿಯಾಗಿ ಕಂಡರೆ, ನಿಮ್ಮ ಆಕಾಶದ ಮಿತಿ 4ರ ಸುಮಾರು. ಆರು ಕಂಡರೆ 4.3 ದಾಟಿದೆ. ಏಳು ಕಂಡರೆ ನೀವು ಊರು ಬಿಟ್ಟು ಹೊರಗಿದ್ದೀರಿ. ಸಾಮಾನ್ಯ ಬೈನಾಕ್ಯುಲರ್ ಹಿಡಿದರೆ ಮಾತ್ರ ದುರ್ಗಿಗುಡಿಯಿಂದಲೂ ಹತ್ತಾರು ಚುಕ್ಕಿಗಳು ಒಟ್ಟಿಗೇ ತೆರೆದುಕೊಳ್ಳುತ್ತವೆ. 440 ಜ್ಯೋತಿರ್ವರ್ಷ ದೂರದ, ಸುಮಾರು ಹತ್ತು ಕೋಟಿ ವರ್ಷ ವಯಸ್ಸಿನ, ನಕ್ಷತ್ರಗಳ ಲೆಕ್ಕದಲ್ಲಿ ಎಳೆಯ ಕುಟುಂಬ ಅದು.

ನೋಡಲು ಹುಣ್ಣಿಮೆ ಒಳ್ಳೆಯದಲ್ಲ. ಕಾರ್ತಿಕ ದೀಪೋತ್ಸವದ ರಾತ್ರಿ ಚಂದ್ರನೇ ಕೃತ್ತಿಕೆಯನ್ನು ಅಳಿಸಿಬಿಡುತ್ತಾನೆ. ದೀಪಾವಳಿಯ ಅಮಾವಾಸ್ಯೆಗೆ ಕತ್ತಲಿದ್ದರೂ ಪಟಾಕಿಯ ಹೊಗೆ. ನನ್ನ ಮತ ಕೇಳಿದರೆ ಕಾರ್ತಿಕ ಮುಗಿಯುವ ಛಟ್ಟಿ ಅಮಾವಾಸ್ಯೆಯ ಹಿಂದುಮುಂದಿನ ನಾಲ್ಕೈದು ರಾತ್ರಿ. ಗಾಳಿ ಒಣಗಿರುತ್ತದೆ, ಹೊಗೆ ಇಳಿದಿರುತ್ತದೆ. ತುಂಗಾ ನದಿಯ ಬದಿ ಮಾತ್ರ ನಡುರಾತ್ರಿಯ ನಂತರ ಇಬ್ಬನಿ ಕವಿಯುತ್ತದೆ.

ಆ ರಾತ್ರಿಗಳಲ್ಲಿ ಕೃತ್ತಿಕೆಯ ಹೊರತಾಗಿ ಏನಿದೆ ಎಂಬುದನ್ನು ಚುಟುಕಾಗಿ ಹೇಳುತ್ತೇನೆ. ದೇವಯಾನಿ ನಕ್ಷತ್ರಪುಂಜದ ಬ್ರಹ್ಮಾಂಡ ಒಂಬತ್ತೂಕಾಲರ ಸುಮಾರಿಗೆ ನೆತ್ತಿಯಿಂದ ಉತ್ತರಕ್ಕೆ. 25 ಲಕ್ಷ ಜ್ಯೋತಿರ್ವರ್ಷದ ಆ ಮಸುಕಿಗೆ ಊರಾಚೆಯ ಕತ್ತಲೆ ಬೇಕು. ಧ್ರುವ ನಮ್ಮ ಅಕ್ಷಾಂಶದಷ್ಟೇ ಎತ್ತರ, ಹದಿನಾಲ್ಕು ಡಿಗ್ರಿ; ಪೇಟೆಯೊಳಗೆ ಯಾವುದೋ ಗೋಡೆಯ ಹಿಂದೆ. ದಕ್ಷಿಣದಲ್ಲಿ ಒಂದು ಚೆಂದದ ಜೋಡಿ ಇದೆ: ನವೆಂಬರ್ 20ರಂದು ಹತ್ತು ಗಂಟೆ ದಾಟಿದ ಮೇಲೆ ಆಕರ್ನಾರ್ ದಕ್ಷಿಣದಲ್ಲಿ ತನ್ನ ಗರಿಷ್ಠ ಎತ್ತರ 19 ಡಿಗ್ರಿಗೆ ಬರುವ ಹೊತ್ತಿಗೇ ಅಗಸ್ತ್ಯ ಹುಟ್ಟುತ್ತಾನೆ, ಆಗ್ನೇಯದಿಂದ ತುಸು ದಕ್ಷಿಣಕ್ಕೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಅಗಸ್ತ್ಯನಿಗೆ ಒಂದು ಅಧ್ಯಾಯವೇ ಇದೆ. ಅವನು ಮೂಡಿದರೆ ಮಳೆಗಾಲದ ಕದಡಿದ ನೀರು ತಿಳಿಯಾಗುತ್ತದೆ ಎಂಬ ನಂಬಿಕೆ ಅಲ್ಲಿಯದು. ಆಗ್ನೇಯ ದಿಗಂತದಲ್ಲಿ ನಮಗೆ ಸೋಗಾನೆಯ ವಿಮಾನ ನಿಲ್ದಾಣ, ಅದರಾಚೆ ಭದ್ರಾವತಿಯ ಬೆಳಕು. ಅಗಸ್ತ್ಯ ಅದನ್ನು ಗೆದ್ದು ಮೇಲೆ ಬರಲು ಇನ್ನೊಂದು ಗಂಟೆ ಹಿಡಿಯುತ್ತದೆ. ನವೆಂಬರ್ 17-18ರ ಸಿಂಹದ ಉಲ್ಕೆಗಳು ಸಿಗುವುದು ನಡುರಾತ್ರಿ ಕಳೆದ ಮೇಲೆ, ಅದೂ ಹೆಚ್ಚಿನ ವರ್ಷ ಬೆರಳೆಣಿಕೆ. ಉಲ್ಕೆಗಾಗಿಯೇ ನಿದ್ದೆ ಕೆಡಿಸಿಕೊಳ್ಳುವವರು ಡಿಸೆಂಬರ್ 13-14ರ ಮಿಥುನದ ಉಲ್ಕೆಗಳಿಗೆ ಕಾಯುವುದು ಲೇಸು.

ಬೆಳಕಿನ ಬಗ್ಗೆ ಒಂದು ಅಧ್ಯಯನವನ್ನು ಇಲ್ಲಿ ನೆನೆಯಬೇಕು. 2011ರಿಂದ 2022ರವರೆಗೆ ಸಾಮಾನ್ಯ ಜನ ಬರಿಗಣ್ಣಿನಿಂದ ನೋಡಿ ಕಳಿಸಿದ 51 ಸಾವಿರಕ್ಕೂ ಹೆಚ್ಚು ವರದಿಗಳನ್ನು ಆಧರಿಸಿ, ರಾತ್ರಿಯಾಕಾಶ ವರ್ಷಕ್ಕೆ ಸರಾಸರಿ ಶೇಕಡಾ 9.6ರಂತೆ ಬೆಳಗುತ್ತಿದೆ ಎಂದು 2023ರ ಜನವರಿಯ ಸೈನ್ಸ್ ಪತ್ರಿಕೆಯ ಲೇಖನ ಹೇಳಿತು. ವರದಿಗಳಲ್ಲಿ ಬಹುಪಾಲು ಯುರೋಪ್ ಮತ್ತು ಉತ್ತರ ಅಮೆರಿಕದವು. ಆ ಅಂಕಿಯನ್ನು ಶಿವಮೊಗ್ಗಕ್ಕೆ ಹಾಗೇ ತಂದು ಅಂಟಿಸಬಾರದು. ನಮ್ಮ ಅಂಕಿ ನಮ್ಮಲ್ಲೇ ಹುಟ್ಟಬೇಕು. ಲಡಾಖಿನ ಹಾನ್ಲೆಯಲ್ಲಿ 2022ರಲ್ಲಿ ಕತ್ತಲೆಯ ಆಕಾಶಕ್ಕೆ ರಕ್ಷಣೆ ಸಿಕ್ಕಿತು. ಅಲ್ಲಿ ದೂರದರ್ಶಕ ನಡೆಸುವ ಭಾರತೀಯ ಖಭೌತ ಸಂಸ್ಥೆ ಇರುವುದು ಬೆಂಗಳೂರಿನಲ್ಲೇ. 2024ರಲ್ಲಿ ಮಹಾರಾಷ್ಟ್ರದ ಪೆಂಚ್ ಹುಲಿ ಅಭಯಾರಣ್ಯಕ್ಕೂ ಅಂಥ ಮನ್ನಣೆ ಬಂತು. ಗಾಜನೂರು, ಮಂಡಗದ್ದೆ ದಾಟಿ ತೀರ್ಥಹಳ್ಳಿಯ ಕಡೆಗೆ ಹೋದಂತೆ ನಮಗೂ ಒಳ್ಳೆಯ ಕತ್ತಲೆ ಉಳಿದಿದೆ. ಆದರೆ ಅದು ಆನೆ ಓಡಾಡುವ ಕಾಡಿನ ಅಂಚು. ನಕ್ಷತ್ರ ನೋಡುವ ಹುರುಪಿನಲ್ಲಿ ರಾತ್ರಿ ಕಾಡಿಗೆ ನುಗ್ಗುವುದು ಕಾನೂನಿಗೂ ವಿವೇಕಕ್ಕೂ ಸಲ್ಲದು. ನೆಂಟರ ಮನೆಯ ಅಂಗಳ, ಕೊಯ್ಲಾದ ಗದ್ದೆ ಸಾಕು.

ಓದುಗರಲ್ಲಿ ಒಂದು ಕೋರಿಕೆ. ಬರುವ ಛಟ್ಟಿ ಅಮಾವಾಸ್ಯೆಯ ರಾತ್ರಿ ಹತ್ತು ಗಂಟೆಗೆ ನೀವಿರುವಲ್ಲಿಂದ, ಅದು ದುರ್ಗಿಗುಡಿಯ ತಾರಸಿಯಾಗಿರಲಿ, ಭದ್ರಾವತಿಯ ಕ್ವಾರ್ಟರ್ಸ್‌ನ ಅಂಗಳವಾಗಿರಲಿ, ಕೂಡಲಿಯ ಹೊಳೆ ದಂಡೆಯಾಗಿರಲಿ, ಕೃತ್ತಿಕೆಯಲ್ಲಿ ಬರಿಗಣ್ಣಿಗೆ ಎಷ್ಟು ಚುಕ್ಕಿ ಬಿಡಿಯಾಗಿ ಕಂಡವು ಎಂದು ಎಣಿಸಿ, ದಿನಾಂಕ, ಜಾಗ, ಮೋಡವಿತ್ತೇ ಇಲ್ಲವೇ ಎಂಬುದರ ಜೊತೆಗೆ ಕ್ಯಾಲೆಂಡರಿನ ಆ ಚೌಕದಲ್ಲೇ ಬರೆದಿಡಿ. ಮರುವರ್ಷ ಅದೇ ಜಾಗದಲ್ಲಿ ನಿಂತು ಮತ್ತೆ ಎಣಿಸಿ. ಹಳೆಯ ಕ್ಯಾಲೆಂಡರನ್ನು ರದ್ದಿಗೆ ಹಾಕಬೇಡಿ.